ಮೊಟ್ಟೆಯ ಪರೀಕ್ಷಕರು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸಂತೆಗಳಲ್ಲಿ ಒಂದೊಂದು ಮೊಟ್ಟೆಯನ್ನೂ ಕಿವಿಯ ಬಳಿ ಕುಲುಕಿ, ಬಿಸಿಲಿಗೆ ಹಿಡಿದು ಒಕ್ಕಣ್ಣಿನಿಂದ ದಿಟ್ಟಿಸಿ, ನಿಟ್ಟುಸಿರಿನೊಡನೆ ಅಂಗಡಿಯವನಿಗೇ ಮರಳಿಸುವ ಮಹನೀಯರನ್ನು ವಾಚಕರು ಕಂಡೇ ಇರುತ್ತಾರೆ. ಇವರು ಹೋಟೆಲಿನಲ್ಲಿ ಲೋಟವನ್ನು ಮತ್ತೊಮ್ಮೆ ತೊಳೆಸುತ್ತಾರೆ, ಮದುವೆಯ ಪಂಕ್ತಿಯಲ್ಲಿ ಮೊಸರನ್ನು ಮೂಸುತ್ತಾರೆ, ಅದೆಲ್ಲ ಸಹ್ಯ.

ನನ್ನ ಪಾಲಿಗೆ ಬಂದವರು ಚಿತ್ರದುರ್ಗದ ನನ್ನ ಭಾವನವರು. ಒಮ್ಮೆ ನಮ್ಮಲ್ಲಿಗೆ ದಯಮಾಡಿಸಿದವರೇ, ಮನೆಯಲ್ಲಿದ್ದ ಮೊಟ್ಟೆಗಳನ್ನೆಲ್ಲ ಬಕೆಟ್ಟಿನ ನೀರಿಗಿಳಿಸಿ, ತೇಲಿದವನ್ನು ತಿಪ್ಪೆಗಟ್ಟಿ, ಮುಳುಗಿದವನ್ನು ಸೋಪಿನ ಪುಡಿಯಿಂದ ತಿಕ್ಕಿ ಬೆಳಗಿದರು. ಚಿಪ್ಪಿನಲ್ಲಿ ಸಹಸ್ರಾರು ಸೂಕ್ಷ್ಮರಂಧ್ರಗಳುಂಟೆಂದೂ, ಅವನ್ನು ಮುಚ್ಚಿದ ನೈಸರ್ಗಿಕ ಲೇಪ ತೊಳೆದರೆ ಅಳಿದು ರೋಗಾಣುಗಳಿಗೆ ದಾರಿಯಾಗುವುದೆಂದೂ, ತೇಲುವಿಕೆಯು ಒಳಗಿನ ಗಾಳಿ ಹೆಚ್ಚಿದ ಮುಪ್ಪನ್ನು ಸೂಚಿಸುವುದೇ ಹೊರತು ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನಲ್ಲವೆಂದೂ, ಸೋಂಕಿದ ಕೋಳಿಯ ಅಂಡಾಶಯದಿಂದಲೇ ಬಂದ ರೋಗಾಣು ತಾಜಾ ಮೊಟ್ಟೆಯೊಳಗೂ ಕುಳಿತಿರಬಹುದೆಂದೂ ನಾನು ನನ್ನ ಪುಸ್ತಕಪಾಂಡಿತ್ಯವನ್ನು ಧಾರಾಳವಾಗಿ ಸುರಿದೆ. ಭಾವನವರು ಆಕಳಿಸಿದರು. 1885ರಲ್ಲಿ ಅಮೆರಿಕದಲ್ಲಿ ಈ ಸಾಲ್ಮೊನೆಲ್ಲಾವನ್ನು ಪತ್ತೆಹಚ್ಚಿದವನು ಥಿಯೊಬಾಲ್ಡ್ ಸ್ಮಿತ್ ಎಂಬ ಸಹಾಯಕ, ಹೆಸರು ನಿಂತದ್ದು ಮಾತ್ರ ಮೇಲಧಿಕಾರಿ ಸ್ಯಾಮನ್ನನದು ಎಂದಾಗ, ಗುಮಾಸ್ತಗಿರಿಯಿಂದ ನಿವೃತ್ತರಾದ ಅವರು ಚಟ್ಟನೆ ಎದ್ದು ಕುಳಿತರು. "ಇದೊಂದು ನಿಜ ಕಣಯ್ಯಾ, ಎಲ್ಲಾ ಆಫೀಸಲ್ಲೂ ಹಿಂಗೇ!"

ಅನಂತರ ಮೊಟ್ಟೆ ತಿಕ್ಕಿದ ಕೈಯನ್ನೇ ಪಂಚೆಗೊರೆಸಿ, ನನ್ನಾಕೆ "ಅಣ್ಣಾ, ಕೈ ತೊಳ್ಕೊಳ್ಳಿ" ಎನ್ನುವಷ್ಟರಲ್ಲಿ ಕೊತ್ತಂಬರಿ ಹೆಚ್ಚಿ ಮುಗಿಸಿ, ತಮ್ಮ ಪಾಲಿನ ಮೊಟ್ಟೆಯನ್ನು ಉಗುರುಬೆಚ್ಚನೆಯ ಹಾಲಿಗೆ ಹಸಿಯಾಗಿಯೇ ಒಡೆದು ಗಟಗಟನೆ ಕುಡಿದರು!

ಆದರೂ, ನನ್ನ ಮಗಳು ಜ್ವರದಿಂದೆದ್ದ ಕಾಲದಲ್ಲಿ ಹೊಸದುರ್ಗದ ಕಡೆಯಿಂದ ನಾಟಿಕೋಳಿಯ ಮೊಟ್ಟೆಗಳನ್ನು ರಾಗಿಯಲ್ಲಿ ಹುದುಗಿಸಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಹೊತ್ತು, ಒಂದೂ ಬಿರಿಯದಂತೆ ತಂದವರೂ ಇವರೇ. ಒಂದು ಮೊಟ್ಟೆಯನ್ನು ದಾರದಿಂದ ಕೊಯ್ದು ಒಡಹುಟ್ಟಿದವರೆಲ್ಲ ಹಂಚಿಕೊಂಡ ಬಾಲ್ಯ ಅವರದು. ಅಂಥವರಿಗೆ ಒಂದು ಮೊಟ್ಟೆ ಕೆಡುವುದೆಂದರೆ ಅಲ್ಪ ನಷ್ಟವಾಗಿರಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡಲಾರಂಭಿಸಿದ ವಾರ್ತೆಯನ್ನು ಓದಿ ಅವರ ಕಣ್ಣು ತೇವವಾಯಿತು. ಕನ್ನಡಕ ಒರೆಸಿಕೊಂಡು, "ತೇಲಿಸಿ ನೋಡ್ತಾರೋ ಇಲ್ವೋ?" ಎಂದರು.

ವಾಚಕರಲ್ಲಿ ಬಿನ್ನಹವಿಷ್ಟೆ: ಹಸಿಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಬಿಳಿಯೂ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸಿರಿ; ಸಾಧ್ಯವಾದರೆ ಈ ಮಾತನ್ನು ನಮ್ಮ ಭಾವನವರಿಗೆ ನೀವೇ ಹೇಳಿರಿ.