ಜವಾಬು ಇಲ್ಲದ ಹಾಡು

ಬೇಸಿಗೆ ಬಂತೆಂದರೆ ನಮ್ಮ ರಾಯಚೂರಿನಲ್ಲಿ ಯಾವ ಓಣಿಯಲ್ಲಿ ಮದುವೆ ಇದೆ ಎಂದು ಲಗ್ನಪತ್ರಿಕೆ ನೋಡಿ ತಿಳಿಯಬೇಕಾಗಿಲ್ಲ ನೋಡ್ರಿ ಅಕ್ಕಾ. ಮಾಳಿಗೆ ಮೇಲೆ ಚಾಪೆ ಹಾಸಿದರೆ ಸಾಕು. 42 ಡಿಗ್ರಿಯಲ್ಲಿ ಹಗಲೆಲ್ಲ ಕಾದ ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದು, ಅದು ಆರಿ, ಹಾಸಿಗೆ ಹಾಕಿ, ಸ್ವಲ್ಪ ಗಾಳಿ ಆಡಿತು ಅನ್ನುವಷ್ಟರಲ್ಲಿ ಡಿಜೆ ಶುರುವಾಗುತ್ತದೆ. ಕೆಳಗಿಳಿದರೆ ಸೆಕೆ. ಹೀಗಾಗಿ ನನಗೆ ಯಾವ ಹಾಡು ಕಂಡರೆ ಆಗುವುದಿಲ್ಲವೋ ಅವೇ ನನಗೆ ಚರಣ ಸಮೇತ ಬಾಯಿಪಾಠ ಆಗಿಬಿಟ್ಟಿವೆ. ನಿಮಗೂ ಹಾಗೇ ಅಲ್ವಾ?

ಗದ್ದಲಕ್ಕೆ ನಾನು ಮುಖ ಗಂಟಿಕ್ಕುವವಳಲ್ಲ. ಮದುವೆ ಮನೆ ಅಂದಮೇಲೆ ಸಪ್ಪಳ ಇರಬೇಕು. ಬ್ಯಾಂಡ್ ಕಂಪನಿಯವರು ಮೆರವಣಿಗೆಯಲ್ಲಿ ನಾಗಿನ್ ಬಾರಿಸುತ್ತಿದ್ದರಲ್ಲ, ಅದನ್ನು ನಾನು ಇವತ್ತಿಗೂ ನಿಂತು ಕೇಳುತ್ತೇನೆ. 1954ರ ಸಿನಿಮಾ ಅದು, ಹೇಮಂತ್ ಕುಮಾರ್ ಸಂಗೀತ. ಒಂದು ಸೋಜಿಗ ಹೇಳಲಾ? ಆ ಪುಂಗಿಯ ದನಿ ಪುಂಗಿಯದ್ದೇ ಅಲ್ಲ. ಕಲ್ಯಾಣ್‌ಜಿ ಅವರು ಕ್ಲಾವಿಯೋಲಿನ್ ಅನ್ನುವ ಕರೆಂಟಿನ ವಾದ್ಯದಲ್ಲಿ ನುಡಿಸಿದ್ದು. ಅದಕ್ಕೆ ನಮ್ಮ ಗಂಡುಮಕ್ಕಳು ಎಪ್ಪತ್ತು ವರ್ಷದಿಂದ ಕರವಸ್ತ್ರ ಹಲ್ಲಲ್ಲಿ ಕಚ್ಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಾರೆ. ಮಾನ್ವಿಯಲ್ಲಿ ನಮ್ಮ ಚಿಕ್ಕಪ್ಪ ಒಬ್ಬರು ಹೊಸ ಬಿಳಿ ಅಂಗಿ ತೊಟ್ಟು, ನೆಲ್ಲಿನ ಮಿಲ್ಲಿನ ಮುಂದಿನ ಧೂಳಿನಲ್ಲಿ ಹೆಡೆ ಎತ್ತಿ ಆಡಿದ್ದರು. ಚಿಕ್ಕಮ್ಮ ಆ ಅಂಗಿಯನ್ನು ಸಬಕಾರ ಹಚ್ಚಿ ಹಚ್ಚಿ ತಿಕ್ಕಿದರೂ ಕಲೆ ಹೋಗಲಿಲ್ಲ. ಹೋದರೆ ಅಂಗಿ ಹೋಯಿತು ಬಿಡಿ, ಯಾರ ಮನಸ್ಸಿಗೂ ನೋವಾಗಲಿಲ್ಲವಲ್ಲ.

ಇನ್ನು ಕೆಲವು ಹಾಡು ಕೇಳಿ ಕೇಳಿ ಸಾಕಾಗಿ ಬೇಡವಾಗುತ್ತವೆ. ಅವುಗಳ ಲೆಕ್ಕ ಬೇರೆ. 2006ರ ಕೊನೆಗೆ ‘ಮುಂಗಾರು ಮಳೆ’ ಸಿನಿಮಾ ಬಂತು. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ಅದರ ಒಂದು ಹಾಡು ಎಷ್ಟು ಮೆತ್ತಗಿತ್ತು! ಆಮೇಲೆ ಎಲ್ಲರ ಮೊಬೈಲಿನ ರಿಂಗ್‌ಟೋನ್ ಅದೇ ಆಯಿತು. ಬಸ್ಸಿನಲ್ಲಿ ಒಬ್ಬರ ಫೋನು ಬಂದರೆ ಹತ್ತು ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾಲ್ಕೈದು ವರ್ಷ ಆ ಹಾಡು ಕೇಳಿದರೆ ಎದ್ದು ಹೋಗುತ್ತಿದ್ದೆ. ಈಗ ಮತ್ತೆ ಕೇಳಬೇಕೆನಿಸುತ್ತದೆ. ಹಾಡು ಚಲೋದಿದ್ದರೆ ಹಾಗೇ ನೋಡ್ರಿ, ಒಂದಿಷ್ಟು ದಿನ ಬಿಟ್ಟರೆ ತಾನೇ ತಿರುಗಿ ಬರುತ್ತದೆ.

ನನಗೆ ಮೈ ಉರಿಯುವುದು ಬೇರೆ ಹಾಡಿಗೆ. ದೇವದುರ್ಗದ ದಾರಿಯಲ್ಲಿ, ಗಬ್ಬೂರಿನ ಆಚೆ ಈಚೆ, ಹತ್ತಿ ಒಡೆಯುವ ಕಾಲಕ್ಕೆ ಬೆಳಿಗ್ಗೆ ಬೆಳಿಗ್ಗೆ ಟಂಟಂ ಓಡುವುದನ್ನು ನೋಡಿದ್ದೀರಲ್ಲ? ಒಳಗೆ, ಹಿಂದೆ, ಡ್ರೈವರನ ಎಡಬಲಕ್ಕೆ, ಎಲ್ಲ ಹೆಣ್ಣುಮಕ್ಕಳೇ. ತೊಡೆಯ ಮೇಲೆ ಬುತ್ತಿಗಂಟು, ತಲೆಗೆ ಟವೆಲ್ಲು, ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ. ನಸುಕಿಗೆ ಎದ್ದು ರೊಟ್ಟಿ ಬಡಿದು, ಹುಡುಗರಿಗೆ ಒಂದಿಷ್ಟು ಮುಚ್ಚಿಟ್ಟು ಬಂದವರು. ಓಡಿಸುವ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರುವುದಿಲ್ಲ. ಅವನು ಹಾಕುವುದೆಲ್ಲ ಲವ್ ಫೇಲ್ಯೂರ್ ಹಾಡು. ಹುಡುಗಿ ಕೈಕೊಟ್ಟಳಂತೆ, ಹೆಣ್ಣಿನ ಜಾತಿಯನ್ನೇ ನಂಬಬಾರದಂತೆ, ರೊಕ್ಕ ಇದ್ದವನ ಕಡೆ ಓಡಿಹೋಗುತ್ತಾರಂತೆ. ಹೊಲ ಮುಟ್ಟುವ ತನಕ ಇದೇ ಪುರಾಣ. ದುಡಿಯಲು ಹೊರಟ ಹದಿನೈದು ಇಪ್ಪತ್ತು ಹೆಂಗಸರನ್ನು ಕೂರಿಸಿಕೊಂಡು ಹೆಂಗಸರನ್ನೇ ಬೈಯುವ ಹಾಡು ಕೇಳಿಸುವುದು! ಆ ಗಾಡಿಯ ಕಂತು ತುಂಬುವುದೂ ಅದೇ ಹೆಂಗಸರು ಕೊಟ್ಟ ಬಾಡಿಗೆಯಲ್ಲಿ. ನೀವೇ ಹೇಳ್ರಿ, ಸರಿಯೇ?

ದೇವದುರ್ಗದ ಕಡೆ ನಮ್ಮ ದೊಡ್ಡವ್ವ ಒಬ್ಬಾಕೆ ಇದ್ದಳು. ಹೆಬ್ಬೆಟ್ಟಿನಾಕೆ, ಆದರೆ ಮಾತು ತಕ್ಕಡಿಯಲ್ಲಿ ತೂಗಿದಂತೆ ಬರುತ್ತಿತ್ತು. ಒಮ್ಮೆ ಟಂಟಂನಲ್ಲಿ ಇಂಥದೇ ಹಾಡು ಮುಗಿದಾಗ ಹುಡುಗನನ್ನು ಕೇಳಿದಳಂತೆ: “ಯಪ್ಪಾ, ಆ ಹುಡುಗಿ ಯಾಕ ಬಿಟ್ಟು ಹೋದ್ಲು?” ಹುಡುಗ ಹಾಡಿನಲ್ಲಿ ಅದು ಬರುವುದಿಲ್ಲ ಅಂದ. “ಮತ್ತ ಮುಂದಿನ ಹಾಡಿನ್ಯಾಗಾರ ಬರ್ತದೇನು?” ಅಂದಳು ದೊಡ್ಡವ್ವ. ಮುಂದಿನದರಲ್ಲೂ ಇಲ್ಲ, ಅದರ ಮುಂದಿನದರಲ್ಲೂ ಇಲ್ಲ. ಆಕೆ ಕುಚೋದ್ಯಕ್ಕೆ ಕೇಳಿದ್ದಲ್ಲ ಅಕ್ಕಾ. ಕಥೆ ಅಂದಮೇಲೆ ಎರಡೂ ಕಡೆಯವರ ಮಾತು ಇರುತ್ತದೆ ಅಂತಲೇ ಆಕೆ ತಿಳಿದದ್ದು. ನನಗೆ ಈ ಹಾಡುಗಳು ಯಾಕೆ ಬೇಡ ಎನ್ನುವುದು ಆ ಮಾತು ಕೇಳಿದ ದಿನವೇ ಸರಿಯಾಗಿ ತಿಳಿಯಿತು. ಅವುಗಳಲ್ಲಿ ಸವಾಲು ಮಾತ್ರ ಇದೆ, ಜವಾಬು ಇಲ್ಲ.

ಇಂಥ ಹಾಡು ನಮ್ಮ ಕಡೆಯ ಡಿಜೆ ಹುಡುಗರೇ ಕಟ್ಟಿದ್ದೇನೂ ಅಲ್ಲ. 2011ರ ನವೆಂಬರಿನಲ್ಲಿ ಧನುಷ್ ಹಾಡಿದ ಕೊಲವೆರಿ ಬಂತಲ್ಲ, ತಮಿಳು ಇಂಗ್ಲಿಷು ಕಲಸಿದ್ದು. ಅದರಲ್ಲೂ ಹುಡುಗಿ ಕೈಬಿಟ್ಟ ಹುಡುಗನದೇ ಗೋಳು. ಒಂದಕ್ಷರ ತಮಿಳು ತಿಳಿಯದ ನಮ್ಮ ಓಣಿಯ ಮಕ್ಕಳೂ ಅದನ್ನು ಹಾಡಿಕೊಂಡು ತಿರುಗಿದವು. ಆ ರಾಗಕ್ಕೆ ಕಾಲು ತಾನೇ ಕುಣಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. 2020ರಲ್ಲಿ ‘ಪೊಗರು’ ಸಿನಿಮಾದ ಖರಾಬು ಹಾಡು ಬಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಚಂದನ್ ಶೆಟ್ಟಿ ಸಂಗೀತ, ಧ್ರುವ ಸರ್ಜಾ ಕುಣಿತ. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತ ಹುಡುಗರಿಗೆಲ್ಲ ಅದೇ. ಹಾಡಿನುದ್ದಕ್ಕೂ ಗಂಡಸು ಕಾಡುತ್ತಾನೆ, ಹುಡುಗಿ ಕಾಡಿಸಿಕೊಳ್ಳುತ್ತಾಳೆ. ಹೆಣ್ಣುಮಕ್ಕಳನ್ನು ಪೀಡಿಸುವುದನ್ನೇ ಶೌರ್ಯ ಮಾಡಿದ್ದಾರೆ ಎಂದು ಆಗಲೇ ಬಹಳ ಜನ ತಕರಾರು ಎತ್ತಿದ್ದರು. ನಾನೂ ಆ ತಕರಾರಿನ ಕಡೆಯೇ. ಎಂಟು ವರ್ಷದ ಹುಡುಗ ಅಂಗಳದಲ್ಲಿ ತಂಗಿಯ ಜಡೆ ಹಿಡಿದೆಳೆದು ಆ ಹಾಡಿನ ಹೆಜ್ಜೆ ಹಾಕಿದ್ದನ್ನು ನೋಡಿದೆ, ಯಾರು ನಗುತ್ತಾರೆ ಅದಕ್ಕೆ?

ಕುಡುಕರ ಹಾಡೂ ಇದೇ ಸಾಲಿನದು. 2013ರ ‘ವಿಕ್ಟರಿ’ಯ ಕ್ವಾಟ್ರು ಹಾಡು ನೆನಪಿದೆಯಲ್ಲ? ಯೋಗರಾಜ ಭಟ್ಟರ ಸಾಲು, ಅರ್ಜುನ್ ಜನ್ಯ ಸಂಗೀತ, ವಿಜಯ್ ಪ್ರಕಾಶ್ ಕಂಠ. ವಿಜಯ್ ಪ್ರಕಾಶ್ ಎಂಥ ಹಾಡುಗಾರ ಎನ್ನುವುದಕ್ಕೆ ನನ್ನ ಸರ್ಟಿಫಿಕೇಟು ಬೇಕಾಗಿಲ್ಲ. ಆದರೆ ಈ ಜಿಲ್ಲೆಯಲ್ಲಿ ಕೂತು ಆ ಹಾಡು ಕೇಳುವುದು ಬಲು ಕಷ್ಟ. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನ ತನಕ ಸಾವಿರಾರು ಹೆಂಗಸರು ನಡೆದರಲ್ಲ, ಸುಮಾರು 200 ಕಿಲೋಮೀಟರು, 19ಕ್ಕೆ ಹೊರಟವರು ಮುಟ್ಟಿದ್ದು 30ಕ್ಕೆ. ಅದರಲ್ಲಿ ನಮ್ಮ ರಾಯಚೂರು ಜಿಲ್ಲೆಯವರು ಎಷ್ಟೊಂದು ಜನ! ಮಾನ್ವಿ ಕಡೆಯ ಒಬ್ಬಾಕೆ, ನೆಲ್ಲು ನಾಟಿಗೆ ಬರುತ್ತಿದ್ದವರು, ಆ ನಡಿಗೆಗೆ ಹೋಗಿ ಬಂದು ಅಂಗಾಲು ತೋರಿಸಿದ್ದರು. ಆಮೇಲೆ ಆಕೆಯ ತಮ್ಮನ ಮದುವೆ. ಅಲ್ಲಿ ಡಿಜೆಯವರು ಕ್ವಾಟ್ರು ಹಾಡು ಹಾಕಿದರು, ಆಕೆಯ ಗಂಡ ಬಾಟಲಿ ತಲೆಯ ಮೇಲಿಟ್ಟುಕೊಂಡು ಕುಣಿದ. ಆಕೆ ಊಟಕ್ಕೆ ಕೂತ ಪಂಕ್ತಿಯಿಂದ ಎದ್ದು ಕೈ ತೊಳೆದುಕೊಂಡು ಹೋದರು. ಹಾಡು ಮಜಾಕ್ಕೆ, ಯಾರು ಸಾಲು ಕೇಳುತ್ತಾರೆ ಅನ್ನುತ್ತಾರೆ ಹುಡುಗರು. ಆಕೆ ಕೇಳಿದರಲ್ಲ!

ನಮ್ಮ ನೆಲದಲ್ಲಿ ಸಾಲು ಕೇಳದೆ ಹಾಡು ಕೇಳಿದವರು ಯಾರಿದ್ದಾರೆ ಹೇಳ್ರಿ? ಜಗನ್ನಾಥದಾಸರ ಮಾನ್ವಿ, ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಎಲ್ಲ ಇಲ್ಲೇ ಅಕ್ಕಪಕ್ಕ. ಮಾನ್ವಿಯಲ್ಲಿ ನಮ್ಮ ಅಜ್ಜಿ ಹರಿಕಥಾಮೃತಸಾರ ಹೇಳುವಾಗ ರಾಗ ತಪ್ಪಿದರೆ ಸುಮ್ಮನಿರುತ್ತಿದ್ದಳು, ಪದ ತಪ್ಪಿದರೆ ಮೊದಲಿಂದ ಹೇಳುತ್ತಿದ್ದಳು. ಮೊಹರಂ ಬಂದರೆ ಅಲಾಯಿ ಕುಣಿಯ ಮುಂದೆ ರಿವಾಯತ್ ಪದ. ಕರ್ಬಲಾದ ಕಥೆ ಕನ್ನಡದಲ್ಲಿ. ಹಿಂದೂ ಮುಸಲ್ಮಾನ ಎಲ್ಲ ಸುತ್ತ ನಿಂತಿರುತ್ತಾರೆ. ಒಂದು ಮೇಳದವರು ಸವಾಲು ಹಾಕಿದರೆ ಎದುರಿನ ಮೇಳದವರು ಜವಾಬು ಕೊಡಲೇಬೇಕು, ಇಲ್ಲದಿದ್ದರೆ ಊರ ಮುಂದೆ ಮಾನ ಹೋಗುತ್ತದೆ. ಗೀಗೀ ಪದದಲ್ಲೂ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ ಇವೆಯಲ್ಲ, ಹರದೇಶಿಯವರು ಗಂಡು ಹೆಚ್ಚು ಅಂದರೆ ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ, ಬೆಳತನಕ ವಾದ. ಗಂಡಸು ಹೆಂಗಸನ್ನು ಹಾಡಿನಲ್ಲಿ ಜರಿಯುವುದು ಹೊಸದೇನಲ್ಲ. ಜರಿದವನು ಕೂತು ಮರುಮಾತು ಕೇಳಿಸಿಕೊಳ್ಳಬೇಕಿತ್ತು, ಅಷ್ಟೇ. ಸ್ಪೀಕರಿಗೆ ಯಾರಿಂದ ಜವಾಬು ಕೊಡಲಾದೀತು?

ಹೊಸ ಹಾಡೆಲ್ಲ ಕೆಟ್ಟದ್ದು ಅಂದೆ ಅಂತ ತಿಳಿಯಬೇಡಿ ಮತ್ತೆ. 2018ರ ‘ರ್‍ಯಾಂಬೋ 2’ರ ಚುಟು ಚುಟು ಹಾಡು ಬಂದರೆ ನಾನು ಟಿವಿ ದನಿ ಏರಿಸುತ್ತೇನೆ. ರವೀಂದ್ರ ಸೊರಗಾಂವಿ, ಶಮಿತಾ ಮಲ್ನಾಡ್ ಇಬ್ಬರೂ ಹಾಡಿದ್ದಾರೆ. ಉತ್ತರ ಕರ್ನಾಟಕದ ಮಾತು, ಗಂಡಿನದೂ ಉಂಟು, ಹೆಣ್ಣಿನದೂ ಉಂಟು. ಆಮೇಲೆ ತೆಲುಗಿನ ಬುಲ್ಲೆಟ್ಟು ಬಂಡಿ. ಮೋಹನಾ ಭೋಗರಾಜು ಹಾಡಿದ್ದು. 2021ರಲ್ಲಿ ತೆಲಂಗಾಣದ ಮದುಮಗಳೊಬ್ಬಳು ಮೆರವಣಿಗೆಯಲ್ಲಿ ಗಂಡನ ಮುಂದೆ ಆ ಹಾಡಿಗೆ ಕುಣಿದ ವಿಡಿಯೋ ಮನೆಮನೆ ಮುಟ್ಟಿತು. ಕೃಷ್ಣೆ ದಾಟಿದರೆ ತೆಲಂಗಾಣ, ನಮಗೆ ತೆಲುಗು ಯಾರೂ ಕಲಿಸಬೇಕಾಗಿಲ್ಲ. ಎಂಥ ಅಪ್ಪನ ಮಗಳು ತಾನು, ಹೇಗೆ ಬೆಳೆದವಳು, ಯಾವ ರೀತಿ ಬಂದು ಕರೆದುಕೊಂಡು ಹೋಗಬೇಕು ಎಂದು ಹುಡುಗಿ ತಾನೇ ಹೇಳುತ್ತಾಳೆ. ಆ ಮದುಮಗಳ ಮುಖದ ಗೆಲುವು ನೋಡಿದ್ದೀರಲ್ಲ? ಗಂಡ ಪಾಪ ನಾಚಿ ನಿಂತಿದ್ದ. ಹಾಗಿರಬೇಕು!

ಸಪ್ಪಳದ ಮಾತು ಬಂದರೆ ಕಾನೂನು ಇದ್ದೇ ಇದೆ. 2000ನೇ ಇಸವಿಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಜನ ವಾಸಿಸುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ಡಿಜೆ ಬಂದರೆ ಅಡುಗೆಮನೆಯ ತಾಟು ಲೋಟಗಳೇ ನಡುಗುತ್ತವೆ, 55 ಎಲ್ಲಿಂದ ಬಂತು! ನನಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇದೆ ಅಕ್ಕಾ. ಡಿಜೆ ಪೆಟ್ಟಿಗೆಗಳ ಮುಂದೆ ಬೀಗರ ಹಾಡು ನಿಂತೇಹೋಯಿತು. ಊಟಕ್ಕೆ ಕೂತ ಗಂಡಿನ ಕಡೆಯವರನ್ನು ನಮ್ಮ ಮುದುಕಿಯರು ಹಾಡಿನಲ್ಲಿ ಹೇಗೆ ನೀರಿಳಿಸುತ್ತಿದ್ದರು! ಬೀಗತಿಯ ಮೂಗು, ಬೀಗನ ಜಿಪುಣತನ, ತಂದ ಸೀರೆಯ ಬಣ್ಣ, ಒಂದನ್ನೂ ಬಿಡುತ್ತಿರಲಿಲ್ಲ. ಆ ಕಡೆಯ ಮುದುಕಿಯರು ಹೋಳಿಗೆ ನುಂಗಿದವರೇ ತಿರುಗಿ ಶುರು ಹಚ್ಚುತ್ತಿದ್ದರು. ಲವ್ ಫೇಲ್ಯೂರ್ ಹಾಡಿಗಿಂತ ಹತ್ತು ಪಟ್ಟು ಬೈಗುಳ ಅದರಲ್ಲಿ, ಕೇಳಿದವರಿಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣು.

ನಮ್ಮ ಅಕ್ಕನ ಮಗಳ ಲಗ್ನ ಮುಂದಿನ ತಿಂಗಳು ದೇವದುರ್ಗದಲ್ಲಿ. ಹುಡುಗರ ಜೊತೆ ಕೂತು ಮಾತಾಡಿದ್ದೇನೆ. ಡಿಜೆ ಬರಲಿ, ಹತ್ತಕ್ಕೆ ನಿಲ್ಲಲಿ, ಯಾವ ಹಾಡು ಹಾಕಬೇಕು ಎಂದು ಪಟ್ಟಿ ನಾನು ಕೊಡುತ್ತೇನೆ. ಊಟದ ಹೊತ್ತಿಗೆ ಮೈಕು ಹೆಂಗಸರ ಕೈಗೆ ಎಂದು ಗಟ್ಟಿಯಾಗಿ ಹೇಳಿದ್ದೇನೆ, ಒಪ್ಪಿದ್ದಾರೆ. ನಿಮ್ಮ ಅತ್ತೆಗೆ ಬೀಗರ ಹಾಡು ಬಹಳ ಬರುತ್ತಿದ್ದವಲ್ಲ, ಅವರು ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು ನೋಟ್‌ಬುಕ್ ಹಿಡಿದು ಬರಲಾ? ನಾಲ್ಕೈದು ಬರೆದುಕೊಂಡರೆ ಸಾಕು. ಬೀಗತಿಯ ಮೂಗಿನದು ಒಂದಿದೆಯಲ್ಲ, ಅದು ಮಾತ್ರ ತಪ್ಪದೆ ಬೇಕು.