ಟ್ಯಾಬ್‌ನಾಮ ಮೀಮಾಂಸೆ ಅಥವಾ ಐದು ಇಂಡೆಕ್ಸ್‌ಗಳ ನಡುವೆ ಒಬ್ಬ ಡೊಂಬಿವಲಿಕರ

ಶಾಸ್ತ್ರ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕು. ವಿಷಯ: ಟೆಕ್ಸ್ಟ್ ಎಡಿಟರಿನ ನೆತ್ತಿಯ ಮೇಲೆ ಸಾಲಾಗಿ ಕೂತಿರುವ ಟ್ಯಾಬ್‌ಗಳಿಗೆ ಇಡತಕ್ಕ ಹೆಸರು. ಪ್ರಯೋಜನ: ತಪ್ಪು ಫೈಲಿಗೆ ಕೈ ಹಾಕದಿರುವುದು, ತನ್ಮೂಲಕ ನೌಕರಿ ಉಳಿಸಿಕೊಳ್ಳುವುದು. ಸಂಬಂಧ: ಹೆಸರಿಗೂ ಹೆಸರಿನವನಿಗೂ ಇರುವಂಥದ್ದು, ಅಂದರೆ ಅಷ್ಟಕ್ಕಷ್ಟೇ. ಅಧಿಕಾರಿ: ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು, ಥಾಣೆಯಲ್ಲಿ ಇಳಿದು (ಇಳಿಯುವುದು ಎಂಬುದು ಗೌರವದ ಮಾತು, ಹೊರಬೀಳುವುದು), ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಐರೋಲಿ ಮುಟ್ಟಿ, ಹತ್ತರೊಳಗೆ ಕಾರ್ಡ್ ಪಂಚ್ ಮಾಡಬಲ್ಲವನು. ಉಳಿದವರೂ ಓದಬಹುದು, ಫಲಶ್ರುತಿಯ ಹೊಣೆ ನಮ್ಮದಲ್ಲ.

ಮೊದಲು ರೋಗಲಕ್ಷಣ. ಫೋಲ್ಡರಿನ ಹೆಸರು ಹಿಡಿದು ಕರೆದರೆ ನೋಡ್ ಡಾಟ್ ಜೆಎಸ್ ಅದರೊಳಗೆ ಇಂಡೆಕ್ಸ್ ಡಾಟ್ ಜೆಎಸ್ ಎಂಬ ಫೈಲನ್ನು ಹುಡುಕುತ್ತದೆ. ಆದ್ದರಿಂದ ಫೋಲ್ಡರಿಗೊಬ್ಬ ಇಂಡೆಕ್ಸ್, ಹಳ್ಳಿಗೊಬ್ಬ ಶಾನುಭೋಗ ಇದ್ದ ಹಾಗೆ. ಶಾಲೆಯಲ್ಲಿ ಕಲಿತ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ಪೈಕಿ ಇದು ಅಂಕಿತನಾಮದ ವೇಷ ತೊಟ್ಟ ರೂಢನಾಮ. ತರ್ಕಶಾಸ್ತ್ರದವರು ಇದನ್ನು ಅತಿವ್ಯಾಪ್ತಿ ಎನ್ನುತ್ತಾರೆ. ಹಸುವೆಂದರೆ ಕೊಂಬುಳ್ಳದ್ದು ಎಂದಿರೋ, ಎಮ್ಮೆಯೂ ಬಂದು ಸಾಲಿನಲ್ಲಿ ನಿಲ್ಲುತ್ತದೆ. ನೋಡ್ ಕಟ್ಟಿದ ರಯಾನ್ ಡಾಲ್ ಅವರೇ 2018ರಲ್ಲಿ ತಮ್ಮ ಪಶ್ಚಾತ್ತಾಪಗಳ ಪಟ್ಟಿ ಓದುವಾಗ ಇಂಡೆಕ್ಸ್ ಡಾಟ್ ಜೆಎಸ್ಸನ್ನೂ ಸೇರಿಸಿದರು. ಆಚಾರ್ಯರು ಪ್ರಾಯಶ್ಚಿತ್ತ ಮಾಡಿಕೊಂಡರು, ಪಾಪ ಅನುಭವಿಸುತ್ತಿರುವವರು ಶಿಷ್ಯರು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: 'ಹೆಸರು ಹೇಗಿದ್ದರೇನು ಸ್ವಾಮಿ, ಜಾಗ ನೆನಪಿಟ್ಟುಕೊಂಡರಾಯಿತು. ಎಡದಿಂದ ಮೂರನೆಯದು.' ನಾನೂ ಈ ಪಕ್ಷದವನೇ ಆಗಿದ್ದೆ. ಒಂದು ದಿನ ಐದು ಇಂಡೆಕ್ಸ್‌ಗಳು ತೆರೆದಿದ್ದವು. ಮೌಸ್ ಜಾರಿ ಮೂರನೆಯದು ನಾಲ್ಕನೆಯದಾಯಿತು. ಥಾಣೆ ಗೋದಾಮಿನ ಫೈಲಿನಲ್ಲಿ ಬರೆಯಬೇಕಾದ ಸಾಲನ್ನು ಕಲ್ಯಾಣದ್ದರಲ್ಲಿ ಬರೆದು, ಸೇವ್ ಮಾಡಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ. ಅಂದು ಮಧ್ಯಾಹ್ನವಿಡೀ ಕಲ್ಯಾಣದ ಗಿರಾಕಿಗಳಿಗೆಲ್ಲ ನಿಮ್ಮ ಪಾರ್ಸೆಲ್ ಥಾಣೆಯಲ್ಲಿ ಕಾಯುತ್ತಿದೆ ಎಂಬ ಸಂದೇಶ ಹೋಯಿತು. ಒಂದಿಬ್ಬರು ಪುಣ್ಯಾತ್ಮರು ಗಾಡಿ ಹತ್ತಿ ಬಂದೇಬಿಟ್ಟಿದ್ದರಂತೆ. ಪೂರ್ವಪಕ್ಷ ಅಲ್ಲಿಗೆ ಖಂಡಿತವಾಯಿತು.

ಈ ಸಮಸ್ಯೆಯನ್ನು ಕಂಪ್ಯೂಟರಿನವರಿಗಿಂತ ಮೊದಲೇ ಬಿಡಿಸಿದವರು ಸೆಂಟ್ರಲ್ ರೈಲ್ವೆಯವರು ಎಂಬುದು ನಮ್ಮ ಸಿದ್ಧಾಂತ. ಸಂಜೆ ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರ್ ನೋಡಿ. ಕೆ ಎಂದರೆ ಕಲ್ಯಾಣ. ಆದರೆ ಕಸಾರಾ, ಕರ್ಜತ್‌ಗಳೂ ಕೆ ಅಕ್ಷರದವೇ. ಎಲ್ಲಕ್ಕೂ ಕೆ ಹಾಕಿದರೆ ಐದು ಇಂಡೆಕ್ಸ್‌ಗಳ ಕತೆಯೇ. ರೈಲ್ವೆಯವರು ಏನು ಮಾಡಿದರು? ಫೈಲಿನ ಹೆಸರು ಬಿಟ್ಟು ದಾರಿಯ ಹೆಸರು ಬರೆದರು. ಕಲ್ಯಾಣದಾಚೆ ಹಳಿ ಕವಲೊಡೆದು ಒಂದು ಈಶಾನ್ಯಕ್ಕೆ ಕಸಾರಾ ಕಡೆ, ಇನ್ನೊಂದು ಆಗ್ನೇಯಕ್ಕೆ ಕರ್ಜತ್ ಕಡೆ ಹೋಗುತ್ತದೆ. ಹಾಗಾಗಿ ಕಸಾರಾಕ್ಕೆ ಉತ್ತರದ ಎನ್, ಕರ್ಜತ್‌ಗೆ ದಕ್ಷಿಣದ ಎಸ್. ಶುದ್ಧ ಪಾಥ್ ಆಧಾರಿತ ಲೇಬಲ್!

ದೋಷವಿಲ್ಲವೆಂದಲ್ಲ. ಸ್ಲೋ ಗಾಡಿಗೂ ಎಸ್ ಎಂದೇ ಗುರುತು. ಆದ್ದರಿಂದ 'ಎಸ್ ಎಫ್' ಎಂದು ಬಿದ್ದರೆ ಅದು ಕರ್ಜತ್ ಫಾಸ್ಟ್. ಊರಿನಿಂದ ಬಂದಿದ್ದ ನನ್ನ ಚಿಕ್ಕಪ್ಪ ಅದನ್ನು ಸ್ಲೋ ಫಾಸ್ಟ್ ಎಂದು ಓದಿ, 'ಮಧ್ಯಮ ವೇಗದ್ದಿರಬೇಕು ಮಾರಾಯ' ಎಂದು ಸಮಾಧಾನದಿಂದ ಹತ್ತಿದರು. ಒಂದೇ ಅಕ್ಷರ ಮುಂದೆ ನಿಂತರೆ ಊರು, ಹಿಂದೆ ನಿಂತರೆ ಸ್ವಭಾವ. ಪಾಣಿನಿಗೆ ಒಪ್ಪಿಗೆಯಾಗುತ್ತಿತ್ತು, ಚಿಕ್ಕಪ್ಪನಿಗೆ ಆಗಲಿಲ್ಲ.

ಥಾಣೆ ಕೊಲ್ಲಿಯ ಆಚೆ ದಡದಲ್ಲಿ ಇದೇ ಪ್ರಮೇಯ ಬೇರೆ ರೂಪದಲ್ಲಿದೆ. 1970ರಲ್ಲಿ ಹುಟ್ಟಿದ ಸಿಡ್ಕೊ ನಿಗಮ ನವಿ ಮುಂಬೈಯನ್ನು ಭಾಗ ಮಾಡಿ ಆ ಭಾಗಗಳಿಗೆ ನೋಡ್ ಎಂದು ಹೆಸರಿಟ್ಟಿತು. ಹೌದು, ನೋಡ್. ಪ್ರತಿ ನೋಡ್‌ನೊಳಗೂ ಸೆಕ್ಟರುಗಳಿಗೆ ಹೊಸದಾಗಿ ಎಣಿಕೆ. ವಾಶಿಗೊಂದು ಸೆಕ್ಟರ್ 17, ನೆರೂಳಿಗೊಂದು ಸೆಕ್ಟರ್ 17. ರಿಕ್ಷಾದವನಿಗೆ ಬರಿ ಸೆಕ್ಟರ್ 17 ಎಂದು ನೋಡಿ, 'ಕುಠಲಾ?' ಎನ್ನುತ್ತಾನೆ, ಎಲ್ಲಿಯದು ಅಂತ. ಟ್ಯಾಬ್‌ನಾಮ ಮೀಮಾಂಸೆಯ ಮೊದಲ ಸೂತ್ರ ಈ ಒಂದು ಪದವೇ.

ಕನ್ನಡಿಗರಿಗಂತೂ ಫೋಲ್ಡರ್ ಸಮೇತ ಹೆಸರು ಹೇಳುವುದು ರಕ್ತಗತ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ಕೊನೆಗೆ ಫೈಲು. ಉದ್ದವಾಯಿತೆಂದು ಕೆ.ವಿ. ಪುಟ್ಟಪ್ಪ. 2006ರಲ್ಲಿ ವಿಮ್ ಎಡಿಟರಿನ ಏಳನೆಯ ಆವೃತ್ತಿಗೆ ಟ್ಯಾಬ್ ಬಂದಾಗ ಅದು ಮಾಡಿದ್ದೂ ಇಷ್ಟೇ. ದಾರಿಯ ಪ್ರತಿ ಫೋಲ್ಡರಿಗೆ ಒಂದೊಂದು ಅಕ್ಷರ, ಫೈಲಿಗೆ ಮಾತ್ರ ಪೂರ್ತಿ ಹೆಸರು. ವಿಮ್ ಹಳೇ ಮೈಸೂರು ಸಂಪ್ರದಾಯದ್ದೆನ್ನಲು ಬೇರೆ ಪ್ರಮಾಣ ಬೇಡ. ಈಮ್ಯಾಕ್ಸ್ ಮಾತ್ರ ಇಲ್ಲಿನ ನಮ್ಮ ಹೋಟೆಲಿನವರ ಪದ್ಧತಿ ಹಿಡಿದಿದೆ. ಹಿಂದೆ ಎರಡನೆಯ ಇಂಡೆಕ್ಸ್ ಬಂದರೆ ಬಾಲಕ್ಕೆ 2 ಎಂದು ಕಟ್ಟುತ್ತಿತ್ತು. 2014ರ ಆವೃತ್ತಿಯಿಂದ ಅಂಕಿಯ ಬದಲು ಫೋಲ್ಡರಿನ ಹೆಸರನ್ನೇ ಸಿಕ್ಕಿಸುತ್ತದೆ. ಹೋಟೆಲಿನವರ ಪದ್ಧತಿ ಯಾವುದೆಂದರೆ, ನನ್ನ ಮಾವನ ಫೋನಿನಲ್ಲಿ ಹದಿನಾಲ್ಕು ಶೆಟ್ಟರಿದ್ದಾರೆ. ಶೆಟ್ಟಿ ವಾಶಿ, ಶೆಟ್ಟಿ ಕಲ್ಯಾಣ, ಶೆಟ್ಟಿ ಗ್ಯಾಸ್, ಶೆಟ್ಟಿ ವಾಶಿ ತಮ್ಮ. ಹದಿನಾಲ್ಕನೆಯವರು ಬರಿ ಶೆಟ್ಟಿ. ಅವರು ಯಾರೆಂದು ಮಾವನಿಗೂ ಗೊತ್ತಿಲ್ಲ, ಆದರೆ ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಾರೆ.

ಕಲ್ಯಾಣ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಬೀದರ್ ಕಡೆಯವರಿಗೆ ಅದು ಚಾಲುಕ್ಯರ, ಬಸವಣ್ಣನವರ ಕಲ್ಯಾಣ. ನಮಗೆ ಗಾಡಿ ಖಾಲಿಯಾಗುವ ಜಂಕ್ಷನ್. ಅವರು ಬಸವಕಲ್ಯಾಣ ಎಂದು ಮುಂದೊಂದು ಫೋಲ್ಡರ್ ಜೋಡಿಸಿ ಬಗೆಹರಿಸಿದ್ದರು. 2019ರಲ್ಲಿ ಹೈದರಾಬಾದ್ ಕರ್ನಾಟಕವೇ ಕಲ್ಯಾಣ ಕರ್ನಾಟಕವಾಯಿತು, ಅಂದರೆ ಫೈಲೇ ಫೋಲ್ಡರಾಯಿತು. ಇಂಥದ್ದನ್ನು ಯಾವ ಎಡಿಟರೂ ತಡೆದುಕೊಳ್ಳಲಾರದು.

ಇನ್ನು ಪ್ರಯೋಗಕಾಂಡ. ವಿಎಸ್ ಕೋಡ್ ಎಡಿಟರಿನಲ್ಲಿ ಒಂದೇ ಹೆಸರಿನ ಎರಡು ಫೈಲು ತೆರೆದರೆ ಮಗ್ಗುಲಲ್ಲಿ ಫೋಲ್ಡರಿನ ಹೆಸರನ್ನು ಮಸುಕಾಗಿ ತೋರಿಸುವುದು ಮೊದಲೇ ಇತ್ತು. 2024ರ ಮಾರ್ಚ್ ತಿಂಗಳ 1.88ನೆಯ ಆವೃತ್ತಿಯಲ್ಲಿ ಕಸ್ಟಮ್ ಲೇಬಲ್ ಎಂಬ ವರ ಕೊಟ್ಟರು. ಸೆಟ್ಟಿಂಗ್ಸಿನಲ್ಲಿ ಎಡಕ್ಕೆ ದಾರಿಯ ಮಾದರಿ, ಬಲಕ್ಕೆ ಬೇಕಾದ ಹೆಸರು. ಹೆಸರಿನೊಳಗೆ ಡರ್‌ನೇಮ್ ಎಂದು ಬರೆದರೆ ಫೈಲಿನ ಅಪ್ಪ ಬರುತ್ತಾನೆ. ಅದರ ಪಕ್ಕ ಆವರಣದಲ್ಲಿ 1 ಎಂದರೆ ಅಜ್ಜ, 2 ಎಂದರೆ ಮುತ್ತಜ್ಜ. ಶ್ರಾದ್ಧದಲ್ಲಿ ವಸು, ರುದ್ರ, ಆದಿತ್ಯ ಎಂದು ಮೂರು ತಲೆಮಾರಿಗೆ ಪಿಂಡ ಇಡುವ ಕ್ರಮವೇ. ಡಿಸ್ಕಿನ ಮೇಲಿನ ಹೆಸರು ಮಾತ್ರ ಬದಲಾಗದು. ರೇಷನ್ ಕಾರ್ಡಿನಲ್ಲಿ ವೆಂಕಟರಮಣ, ಮನೆಯಲ್ಲಿ ಅಪ್ಪಿ.

ಡರ್‌ನೇಮ್ ಹಾಕಿ ಸುಮ್ಮನಿರಬೇಕಿತ್ತು. ನನ್ನೊಳಗಿನ ಕವಿ ಬಿಡಲಿಲ್ಲ. ಕನ್ನಡದಲ್ಲೇ ಬರೆದೆ: ಗೋದಾಮಿನ ಫೈಲಿಗೆ ಉಗ್ರಾಣ, ಬಿಲ್ಲಿನದಕ್ಕೆ ಚಿತ್ರಗುಪ್ತ, ಸಾಹೇಬರು ತಮ್ಮ ಯೌವನದಲ್ಲಿ ಸ್ವತಃ ಬರೆದು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದ ಫೈಲಿಗೆ ಸಾಡೇಸಾತಿ. ಲಿಪಿ ಕನ್ನಡ, ಊರು ಐರೋಲಿ, ಯಾರು ಓದಬೇಕು?

ಸೋಮವಾರದ ಮೀಟಿಂಗಿನಲ್ಲಿ ನನ್ನ ಪರದೆ ಗೋಡೆಯ ಮೇಲೆ ಬಿತ್ತು. ಸಾಹೇಬರು ಕನ್ನಡಕ ಏರಿಸಿ, 'ಹೇ ಕಾಯ್ ಲಿಹಿಲಂಯ್?' ಎಂದರು. ಕನ್ನಡ ಎಂದೆ. ಅಷ್ಟಕ್ಕೆ ಮುಗಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ್ದ ಅಕ್ಕಲಕೋಟೆಯ ಹುಡುಗ, ಸೊಲ್ಲಾಪುರ ಜಿಲ್ಲೆಯವನು, ತನ್ನ ಭಾಷೆ ಕಂಡ ಸಂಭ್ರಮಕ್ಕೆ ಎದ್ದೇ ನಿಂತ. 'ನಾ ಓದ್ತೀನ್ರೀ ಸರ!' ಉಗ್ರಾಣ ಓದಿದ, ಚಿತ್ರಗುಪ್ತ ಓದಿದ, ಮೂರನೆಯದನ್ನು ಒಂದೊಂದೇ ಅಕ್ಷರ ಬಿಡಿಸಿ ಸ್ಪಷ್ಟವಾಗಿ ಓದಿದ. ಅದು ಮರಾಠಿಯಲ್ಲೂ ಸಾಡೇಸಾತಿಯೇ.

ಸಾಹೇಬರು ಬಹಳ ಹೊತ್ತು ಗೋಡೆ ನೋಡಿದರು. 'ನೆಕ್ಸ್ಟ್' ಎಂದರು.

ಸಂಜೆ ಥಾಣೆಯ ಗಾಡಿಯಲ್ಲಿ ಆ ಹುಡುಗ ಪಕ್ಕಕ್ಕೇ ಬಂದು ಕೂತ. ತಪ್ಪಾಯ್ತ್ರೀ ಅಣ್ಣಾರ ಎಂದು ನಂಬರ್ ಕೇಳಿದ. ಕೊಟ್ಟೆ. ಅವನು ಸೇವ್ ಮಾಡುವಾಗ ಕಣ್ಣು ಹಾಯಿಸಿದೆ: ಟ್ಯಾಬ್ ಡೊಂಬಿವಲಿ ಈಸ್ಟ್. ಈಸ್ಟ್ ಯಾಕಪ್ಪಾ ಎಂದೆ.

'ವೆಸ್ಟ್‌ನ್ಯಾಗ ಇನ್ನೊಬ್ರು ಅದಾರ್ರೀ.'