ಶ್ರೀ ವಡಪಳನಿ ಮೊಡವೆ ಮೀಮಾಂಸೆ

ಯಾವ ಶಾಸ್ತ್ರಕ್ಕೂ ಮೊದಲು ಅಧಿಕಾರಿ ಯಾರೆಂದು ಗೊತ್ತಾಗಬೇಕು. ವೈದ್ಯರ ಚೀಟಿಯಿಲ್ಲದೆ ಮೊಡವೆಗೆ ಮುಲಾಮು ಕೊಳ್ಳುವ ಈ ಶಾಸ್ತ್ರಕ್ಕೆ ಅಧಿಕಾರಿ, ಶುಕ್ರವಾರ ಮದುವೆಯಿದ್ದು ಸೋಮವಾರ ಮೂಗಿನ ತುದಿಯಲ್ಲಿ ಮೊಡವೆ ಕಂಡವನು. ಮದುವೆ ತನ್ನದೇ ಆದರೆ ಉತ್ತಮಾಧಿಕಾರಿ, ಅಕ್ಕನದಾದರೆ ಮಧ್ಯಮ, ಗ್ರೂಪ್ ಫೋಟೋದ ಹಿಂದಿನ ಸಾಲಿನವನು ಅಧಮ. ಚೆನ್ನೈನ ವಡಪಳನಿಯೇ ಯಾಕೆ ಕ್ಷೇತ್ರವಾಗಬೇಕು ಎಂದರೆ, ಮುಹೂರ್ತದ ದಿನ ಇಲ್ಲಿಯ ಮುರುಗನ ಗುಡಿಯಲ್ಲಿ ಒಂದರ ಬೆನ್ನಿಗೆ ಒಂದು ತಾಳಿ ಬೀಳುತ್ತದೆ. ಅಧಿಕಾರಿಗಳಿಗೆ ಬರವಿಲ್ಲ.

ಚಾರಿತ್ರಿಕ ಕಾರಣವೂ ಒಂದಿದೆ. 1948ರಲ್ಲಿ ಎ.ವಿ.ಎಂ. ಸ್ಟುಡಿಯೋ ಕಾರೈಕುಡಿಯಿಂದ ಇಲ್ಲಿಗೆ ಬಂತು; ವಿಜಯಾ-ವಾಹಿನಿ ಹತ್ತಿರದಲ್ಲೇ ಇತ್ತು. ಐವತ್ತು, ಅರವತ್ತರ ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಪಾಲು ತಯಾರಾದದ್ದು ಮದರಾಸಿನಲ್ಲೇ. ಕನ್ನಡದ ಮುಖಗಳು ಹತ್ತಡಿ ಅಗಲವಾದದ್ದು ಈ ಸೀಮೆಯ ದೀಪಗಳ ಕೆಳಗೆ. ಮುಖ ಹತ್ತಡಿಯಾದರೆ ಮೊಡವೆ ನಿಂಬೆಹಣ್ಣಿನಷ್ಟಾಗುತ್ತದೆ ಎಂಬುದು ಶುದ್ಧ ತ್ರೈರಾಶಿಕ. ಅದಕ್ಕೆ ಮೇಕಪ್ಪಿನವರ ಉತ್ತರ ಪ್ಯಾನ್‌ಕೇಕು. ದಪ್ಪಗೆ ಮೆತ್ತಿದ ಬಣ್ಣದ ಅಡಿಯಲ್ಲೇ ಹೊಸ ಮೊಡವೆ ಏಳುತ್ತದೆಂದು ಕ್ಲಿಗ್‌ಮನ್ ಮತ್ತು ಮಿಲ್ಸ್ ಎಂಬ ಅಮೆರಿಕದ ಚರ್ಮವೈದ್ಯರು 1972ರಲ್ಲಿ ಬರೆದು, ಅದಕ್ಕೆ 'ಆಕ್ನೆ ಕಾಸ್ಮೆಟಿಕಾ' ಎಂದು ನಾಮಕರಣ ಮಾಡಿದರು. ಕೋಡಂಬಾಕ್ಕಂ ಕಡೆ ಯಾವ ನಟಿಯನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದಳು.

ಈಗ ಪೂರ್ವಪಕ್ಷ. ಮಂಡಿಸುವವರು ಪಕ್ಕದ ಮನೆ ಮಾಮಿ. "ಎಲ್ಲಾ ಸೂಡುಪ್ಪಾ!" ದೇಹದ ಉಷ್ಣ ಮುಖಕ್ಕೆ ಏರಿದೆ, ಶನಿವಾರ ಎಣ್ಣೆಸ್ನಾನ ಮಾಡಿದರೆ ಇಳಿಯುತ್ತದೆ ಎಂಬುದು ಅವರ ಮತ. ನಮ್ಮ ಆಕ್ಷೇಪ: ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೆ ಅಲ್ಲಿ ಸಾಲುಸಾಲಾಗಿ ಗುಳ್ಳೆ ಬರುತ್ತವೆ. ಮೇಲಾಗಿ ಯುವಕರ ಮುಖದಲ್ಲಿ ಬೂರುಗದ ಮುಳ್ಳಿನ ಹಾಗೆ ಏಳುವ ಈ ಗುಳ್ಳೆಗಳಿಗೆ ಸುಶ್ರುತ ಕೊಡುವ ಕಾರಣ ಕಫ, ವಾತ, ರಕ್ತ. ಉಷ್ಣಕ್ಕೆ ಮೂಲವಾದ ಪಿತ್ತದ ಸುದ್ದಿಯೇ ಇಲ್ಲ. ಮಾಮಿ ಸಾರಿಗೆ ಒಗ್ಗರಣೆ ಹಾಕುತ್ತಲೇ ಖಂಡಿಸಿದರು: "ರಕ್ತದಲ್ಲೇ ಅಲ್ಲವೋ ಪಿತ್ತ ಇರೋದು?" ಆಯುರ್ವೇದ ಹಾಗೆ ಹೇಳುವುದು ನಿಜ. ಈ ಭಾಗದಲ್ಲಿ ನಾವು ಸೋತಿದ್ದೇವೆ.

ಯುವಕರ ಮುಖದಲ್ಲಿ ಎಂಬ ಲಕ್ಷಣವನ್ನು ಒಪ್ಪಿಕೊಂಡರೆ ಇನ್ನೊಂದು ಪೇಚು. ನಿತ್ಯಕುಮಾರನೂ ಆರು ಮುಖದವನೂ ಆದ ಇಲ್ಲಿಯ ದೇವರಿಗೂ ಅದು ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದೆ. ಸಮಾಧಾನ ಹೀಗೆ: ಅವನಿಗೆ ದಿನವೂ ಅಭಿಷೇಕ ಉಂಟು. ಮನುಷ್ಯರಿಗೆ ಮುಖ ತೊಳೆಯಲು ದಿನಕ್ಕೆ ಎರಡೇ ಸಲ ಅನುಮತಿ. ಮೂರನೆಯ ಸಲ ತಿಕ್ಕಿದರೆ ಚರ್ಮ ಒಣಗಿ ಕೆರಳುತ್ತದೆ.

ಸಿದ್ಧಾಂತ ಇರುವುದು ಆರ್ಕಾಟ್ ರಸ್ತೆಯ ಮೆಡಿಕಲ್ ಶಾಪಿನಲ್ಲಿ. ಗಾಜಿನ ಕಪಾಟಿನಲ್ಲಿ ಸ್ಯಾಲಿಸಿಲಿಕ್ ಆಮ್ಲ ಮುಚ್ಚಿದ ರಂಧ್ರವನ್ನು ಸಡಿಲಿಸಲು ಕಾದಿದೆ. ಬೆಂಜಾಯಿಲ್ ಪೆರಾಕ್ಸೈಡ್ ಗಾಳಿಯೊಲ್ಲದ ಬ್ಯಾಕ್ಟೀರಿಯಾದ ಮೇಲೆ ಆಮ್ಲಜನಕ ಹರಿಯಬಿಡಲು. ಅಮೆರಿಕದಲ್ಲಿ 2016ರಿಂದ ಚೀಟಿಯಿಲ್ಲದೆ ಸಿಗುವ ಅಡಾಪಲಿನ್ ಕೂಡ ಇದೆ. ಗರ್ಭಿಣಿಯರು ಅದರ ತಂಟೆಗೆ ಹೋಗಬಾರದು. "ಅಣ್ಣಾ, ಎರಡೂವರೆ ಪರ್ಸೆಂಟ್ ಬೇಡ, ಹತ್ತರದ್ದು ಕೊಡಿ" ಎನ್ನುತ್ತಾನೆ ಅಧಿಕಾರಿ. ಪೆರಾಕ್ಸೈಡಿನ ವಿಷಯದಲ್ಲಿ ಎರಡೂವರೆಯೂ ಹತ್ತೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಹತ್ತರಲ್ಲಿ ಉರಿ ಮಾತ್ರ ಜಾಸ್ತಿ. ಇದನ್ನು ನಂಬುವ ಗಿರಾಕಿ ಇನ್ನೂ ಹುಟ್ಟಿಲ್ಲ.

ಸೂತ್ರ: ಬಟಾಣಿಯಷ್ಟೇ, ಮುಖಕ್ಕೆಲ್ಲ. ಭಾಷ್ಯ: ಕಂಡ ಮೊಡವೆಯ ತಲೆಗೆ ಬೊಟ್ಟಿಡುವುದು ವ್ಯರ್ಥ, ಯಾಕೆಂದರೆ ಇವತ್ತು ಕಾಣುವುದು ವಾರಗಳ ಹಿಂದೆಯೇ ಒಳಗೆ ಕಟ್ಟಿಕೊಂಡದ್ದು. ಮುಂದಿನ ತಿಂಗಳಿನದು ಈಗಾಗಲೇ ಕೆನ್ನೆಯೊಳಗೆ ಜಾಗ ಹಿಡಿದಿದೆ. ಆದ್ದರಿಂದ ತೆಳ್ಳಗೆ, ಏಳುವ ಜಾಗಕ್ಕೆಲ್ಲ, ಮೊದಲು ದಿನ ಬಿಟ್ಟು ದಿನ. ಮೊದಲ ವಾರ ಚುರುಗುಟ್ಟುತ್ತದೆ, ಮೂಗಿನ ಪಕ್ಕ ಹೊಟ್ಟು ಏಳುತ್ತದೆ, ಕೆಂಪಾಗುತ್ತದೆ. ಅಡಾಪಲಿನ್ ಆದರೆ ಇದ್ದ ಮೊಡವೆಗೆ ಇನ್ನಷ್ಟು ಸೇರಬಹುದು. ಗುಣ ಕಾಣಲು ಆರರಿಂದ ಎಂಟು ವಾರ, ಪೂರ್ತಿ ತೀರ್ಪಿಗೆ ಹನ್ನೆರಡು. ಶುಕ್ರವಾರದ ಮದುವೆಗೆ ಸೋಮವಾರ ಹಚ್ಚಿದವನು ಮಂಟಪಕ್ಕೆ ಬರುವುದು ಮೊದಲಿಗಿಂತ ಕೆಂಪಗೆ. ಬಂಧುಗಳು ಅದನ್ನು ನಾಚಿಕೆ ಎಂದುಕೊಂಡರೆ ಪುಣ್ಯ.

ದಿಂಬಿನ ಪ್ರಕರಣವನ್ನು ಹಗುರವಾಗಿ ಬಿಡುವಂತಿಲ್ಲ. ಗಿರಣಿಗಳು ಮೈದಾವನ್ನು ಬೆಳ್ಳಗೆ ಮಾಡಲು ಬಳಸುತ್ತ ಬಂದ ವಸ್ತುವೇ ಈ ಬೆಂಜಾಯಿಲ್ ಪೆರಾಕ್ಸೈಡ್. ಪರೋಟವನ್ನು ಬಿಳಿ ಮಾಡಿದ್ದು ಟವೆಲನ್ನು ಬಿಟ್ಟೀತೆ? ಪಿಜಿಯ ನೀಲಿ ದಿಂಬಿನ ಮೇಲೆ ಕೆನ್ನೆಯಗಲ ಕಿತ್ತಳೆ ಮಚ್ಚೆ, ಕರಿ ಷರ್ಟಿನ ಕಾಲರಿನಲ್ಲಿ ಒಂದು, ಪಕ್ಕದ ಮಂಚದವನ ಟವೆಲಿನಲ್ಲಿ ಇನ್ನೊಂದು. ಈ ಕೊನೆಯದು ಕಳ್ಳತನಕ್ಕೆ ಸಾಕ್ಷಿಯೂ ಆಗುತ್ತದೆ. ಹೀಗಾದರೆ ಮುಖವೂ ಬೆಳ್ಳಗಾಗಬೇಕಲ್ಲ ಎಂದು ಹಾರೈಸುವವರು ಸುಮ್ಮನಿರಿ, ಆಗುವುದಿಲ್ಲ.

ಕಡೆಗೆ ಚಾರ್ವಾಕರು. "ಮೂರು ದಿನದಲ್ಲಿ ಕ್ಲಿಯರ್ ಸಾರ್" ಎನ್ನುತ್ತ ಡ್ರಾಯರಿನಿಂದ ಪುಟ್ಟ ಟ್ಯೂಬು ತೆಗೆಯುವವರು ಈ ಪಂಥದವರು. ಒಳಗಿರುವುದು ಬೆಟಾಮೆಥಾಸೋನಿನಂಥ ಸ್ಟಿರಾಯ್ಡ್. ಕೆಂಪು ನಿಜಕ್ಕೂ ಇಳಿಯುತ್ತದೆ, ಆಲ್ಬಮ್ಮು ಸೊಗಸಾಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಬಿಟ್ಟರೆ ಮೊಡವೆ ಬಡ್ಡಿಸಮೇತ ವಾಪಸ್. ಹೀಗೆ ಕೆಟ್ಟ ಮುಖಗಳಿಗೆ ಭಾರತದ ಚರ್ಮವೈದ್ಯರೇ 2008ರಲ್ಲಿ ಪ್ರತ್ಯೇಕ ಹೆಸರಿಡಬೇಕಾಯಿತು. 2018ರಲ್ಲಿ ಸರ್ಕಾರ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿ ಕಡ್ಡಾಯ ಮಾಡಿತು. ಡ್ರಾಯರಿಗೆ ಗೆಜೆಟ್ ಓದುವ ಅಭ್ಯಾಸವಿಲ್ಲ.

ಒಂದು ಅಪವಾದವುಂಟು, ಇದರಲ್ಲಿ ತಮಾಷೆ ಇಲ್ಲ. ಹಚ್ಚಿದ ಮೇಲೆ ತುಟಿ, ಕಣ್ಣು ಊದಿದರೆ, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಅಪರೂಪ, ಆದರೆ ಆಗುವುದುಂಟು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2014ರಲ್ಲಿ, ಮೊದಲ ಮೂರು ದಿನ ಚೂರು ಜಾಗಕ್ಕಷ್ಟೇ ಹಚ್ಚಿ ನೋಡಿ ಎಂದಿತು. ಗಂಟುಗಂಟಾಗಿ ನೋಯುವವು, ಗುಳಿ ಬೀಳಿಸುವವು ಅಂಗಡಿಯ ಮುಲಾಮಿಗೆ ಜಗ್ಗುವುದಿಲ್ಲ, ಅವು ವೈದ್ಯರ ಪಾಲು.

ಫಲಶ್ರುತಿ: ಈ ಮೀಮಾಂಸೆಯನ್ನು ಹನ್ನೆರಡು ವಾರ ಹೊತ್ತು ತಪ್ಪದೆ, ಹಿಚುಕದೆ, ಬೆಳಿಗ್ಗೆ ಸನ್‌ಸ್ಕ್ರೀನ್ ಸಹಿತ ಆಚರಿಸಿದವನಿಗೆ ಮೊಡವೆ ತಗ್ಗುತ್ತದೆ. ಅದು ಬಿಟ್ಟುಹೋದ ಕಪ್ಪು ಕಲೆ ನಮ್ಮ ಬಣ್ಣದ ಚರ್ಮದಲ್ಲಿ ಮತ್ತೂ ಕೆಲವು ತಿಂಗಳು ನಿಲ್ಲುತ್ತದೆ. ಅಷ್ಟರೊಳಗೆ ನಾಮಕರಣ ಬಂದರೂ ಬಂತು.